ಹತ್ತನೆಯ ವರ್ಷನ್ ಬರುವ ಮೊದಲೇ ಒಂದು ಮಾತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮನೆಗಳಿಂದ ಹೋಗಿ ಸಾಫ್ಟ್‌ವೇರ್ ಬರೆಯುತ್ತಿರುವ ಗೆಳೆಯರಿಗೆ, ಹಾಸನದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ಕಸುಬನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ,



ನೀವು ಬರೆಯುವ ಆ್ಯಪ್‌ಗಳಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳದ ಒಂದು ಸಾಲು ಇರುತ್ತದೆ. ಫೋನಿನಲ್ಲಿರುವ ವರ್ಷನ್ ನಂಬರನ್ನೂ ಸರ್ವರ್ ಹೇಳುವ ವರ್ಷನ್ ನಂಬರನ್ನೂ ಪಕ್ಕಪಕ್ಕ ಇಟ್ಟು, ಹೊಸದು ಬಂದಿದೆಯೇ ಇಲ್ಲವೇ ಎಂದು ತೀರ್ಮಾನಿಸುವ ಸಾಲು ಅದು. ಈ ಪತ್ರ ಆ ಒಂದು ಸಾಲಿನ ಬಗ್ಗೆ. ನಮ್ಮ ದಂಡಿಗನಹಳ್ಳಿ ಹೋಬಳಿಯಂಥ ಕಡೆಯಲ್ಲೂ ಈಗ ಪಹಣಿ ನೋಡುವುದು, ಜಮೀನಿನ ನಕ್ಷೆ ತೆಗೆಯುವುದು, ಹಣ ಕಳಿಸುವುದು ಎಲ್ಲ ಫೋನಿನಲ್ಲೇ ನಡೆಯುತ್ತದೆ. 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಹಾಕುವ ವ್ಯವಸ್ಥೆಯೂ ರಾಜ್ಯದಲ್ಲಿ ಬಂದಿದೆ. ಇಂಥ ಕೆಲಸಗಳಿಗೆ ಕೊನೆಯ ದಿನಾಂಕ ಇರುತ್ತದೆ, ಸಿಗ್ನಲ್ ಇರುವ ಜಾಗ ಮಾತ್ರ ಎಲ್ಲೆಡೆ ಇರುವುದಿಲ್ಲ. ಆ ಹೊತ್ತಿನಲ್ಲಿ ‘ನಿಮ್ಮ ಆ್ಯಪ್ ಹಳೆಯದು, ಅಪ್‌ಡೇಟ್ ಮಾಡಿ’ ಎಂಬ ಸೂಚನೆ ಬಂದರೆ ಅದು ನಿಜವಾಗಿರಬೇಕು. ನಿಜವಲ್ಲದಿದ್ದರೆ, ಸಂಬಂಧವೇ ಇಲ್ಲದ ಒಬ್ಬರ ಕೆಲಸ ನಿಂತುಹೋಗುತ್ತದೆ. ನನ್ನ ವಾದ ಇಷ್ಟೇ: ವರ್ಷನ್ ಹೋಲಿಸುವ ಕೋಡಿನಲ್ಲಿ ಆಗುವ ತಪ್ಪು ಉಳಿದ ತಪ್ಪುಗಳ ಹಾಗಲ್ಲ, ಅದು ತನ್ನ ಪರಿಹಾರದ ದಾರಿಯನ್ನೇ ಮುಚ್ಚುತ್ತದೆ. ಆದ್ದರಿಂದ ಅದನ್ನು ಮೊದಲ ಬಿಡುಗಡೆಯಲ್ಲೇ ಸರಿಯಾಗಿ ಬರೆಯಬೇಕು. ಆಮೇಲೆ ನೋಡಿಕೊಳ್ಳೋಣ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ತಪ್ಪು ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡೋಣ. 1.9 ಮತ್ತು 1.10 ಎಂಬ ಎರಡು ವರ್ಷನ್‌ಗಳು ಕೋಡಿನ ಕೈಗೆ ಸಾಮಾನ್ಯವಾಗಿ ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ ಬರುತ್ತವೆ. ಎರಡರ ನಡುವೆ ದೊಡ್ಡದು-ಚಿಕ್ಕದರ ಗುರುತು ಹಾಕಿದರೆ ಯಂತ್ರ ಎಡಗಡೆಯಿಂದ ಒಂದೊಂದೇ ಅಕ್ಷರ ನೋಡುತ್ತ ಹೋಗುತ್ತದೆ. ಮೊದಲ ಅಕ್ಷರ ಎರಡರಲ್ಲೂ 1. ಎರಡನೆಯದು ಎರಡರಲ್ಲೂ ಚುಕ್ಕೆ. ಮೂರನೆಯ ಜಾಗದಲ್ಲಿ ಒಂದು ಕಡೆ 9, ಇನ್ನೊಂದು ಕಡೆ 1. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 9ರ ಸ್ಥಾನ 57, 1ರ ಸ್ಥಾನ 49. ಅಲ್ಲಿಗೆ ತೀರ್ಪು ಮುಗಿಯಿತು: 1.9 ದೊಡ್ಡದು. ಕೊನೆಯಲ್ಲಿರುವ ಸೊನ್ನೆಯನ್ನು ಯಂತ್ರ ಕಣ್ಣೆತ್ತಿಯೂ ನೋಡುವುದಿಲ್ಲ. ಸ್ಟ್ರಿಂಗ್ ಬೇಡವೆಂದು ದಶಾಂಶ ಸಂಖ್ಯೆಯಾಗಿ ಓದಿದರೆ 1.10 ಎಂಬುದು 1.1 ಆಗಿಬಿಡುತ್ತದೆ, ಉತ್ತರ ಮತ್ತೆ ಅದೇ. ಚುಕ್ಕೆಯಲ್ಲಿ ಒಡೆದು, ಪ್ರತಿ ಭಾಗವನ್ನೂ ಪೂರ್ಣಾಂಕವಾಗಿ ಓದಿ, ಎಡದಿಂದ ಬಲಕ್ಕೆ ಹೋಲಿಸಿದಾಗ ಮಾತ್ರ ಹತ್ತು ಒಂಬತ್ತಕ್ಕಿಂತ ದೊಡ್ಡದಾಗುತ್ತದೆ. ಇನ್ನೊಂದು ಸಂಗತಿ ಗಮನಿಸಿ. 1.1ರಿಂದ 1.9ರವರೆಗೆ ಈ ಮೂರೂ ದಾರಿಗಳು ಒಂದೇ ಉತ್ತರ ಕೊಡುತ್ತವೆ. ಅಂದರೆ ಒಂಬತ್ತು ಬಿಡುಗಡೆಗಳ ತನಕ ನಿಮ್ಮ ಟೆಸ್ಟ್‌ಗಳು ಪಾಸಾಗುತ್ತವೆ, ಬಳಕೆದಾರರಿಂದ ಒಂದು ದೂರೂ ಬರುವುದಿಲ್ಲ, ಕೋಡ್ ಬರೆದವರು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿರಲೂಬಹುದು.

ಹತ್ತನೆಯ ಬಿಡುಗಡೆಯ ದಿನ ಏನಾಗುತ್ತದೆ? 1.9 ಇರುವ ಫೋನುಗಳು 1.10 ಅನ್ನು ಹಳೆಯದೆಂದು ತಿಳಿದು ಸುಮ್ಮನಿರುತ್ತವೆ. ದೋಷ ಗೊತ್ತಾಗಿ ನೀವು ಅದನ್ನು 1.11ರಲ್ಲಿ ತಿದ್ದಿದಿರಿ ಎನ್ನೋಣ. ಆ 1.11 ಕೂಡ 1.9ರ ಕಣ್ಣಿಗೆ ಹಳೆಯದೇ. ತಿದ್ದಿದ ಕೋಡ್ ತಲುಪಬೇಕಾದ ಫೋನಿಗೆ ತಲುಪದಂತೆ ತಿದ್ದದ ಕೋಡೇ ಬಾಗಿಲಲ್ಲಿ ಕುಳಿತಿರುತ್ತದೆ. 2.0 ಬಿಡುಗಡೆ ಮಾಡುವವರೆಗೂ ಬಿಡುಗಡೆಯಿಲ್ಲ. ಇದಕ್ಕಿಂತ ಕೆಟ್ಟದ್ದು, ಕನಿಷ್ಠ ವರ್ಷನ್ ಇಲ್ಲದಿದ್ದರೆ ಆ್ಯಪ್ ತೆರೆಯಬಾರದು ಎಂಬ ಕಟ್ಟುನಿಟ್ಟು. ಸರ್ವರ್ ‘ಕನಿಷ್ಠ 1.9 ಇರಲಿ’ ಎನ್ನುತ್ತದೆ. 1.10 ಹಾಕಿಕೊಂಡವರಿಗೆ ಆ್ಯಪ್ ‘ನಿಮ್ಮದು ಹಳೆಯದು’ ಎನ್ನುತ್ತದೆ. ಅವರು ಪ್ಲೇ ಸ್ಟೋರ್‌ಗೆ ಹೋದರೆ ಅಲ್ಲಿ ಅಪ್‌ಡೇಟ್ ಬಟನ್ನೇ ಇರುವುದಿಲ್ಲ, ಏಕೆಂದರೆ ಅವರಲ್ಲಿರುವುದೇ ಎಲ್ಲಕ್ಕಿಂತ ಹೊಸದು. ಹೇಳಿದ ಹಾಗೆ ಕೇಳಿ ಅಪ್‌ಡೇಟ್ ಮಾಡಿಕೊಂಡವರೇ ಹೊರಗೆ ಉಳಿಯುತ್ತಾರೆ. ಬೇರೆ ಯಾವ ಬಗ್ ಆದರೂ ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ. ಅಪ್‌ಡೇಟ್ ಗುರುತಿಸುವ ಕೋಡಿನ ಬಗ್‌ಗೆ ಆ ಭಾಗ್ಯವಿಲ್ಲ.

ಇದು ಬರೀ ಹೊಸಬರ ತಪ್ಪು ಎನ್ನುವವರಿದ್ದಾರೆ. ದಾಖಲೆ ಹಾಗೆ ಹೇಳುವುದಿಲ್ಲ. 2009ರಲ್ಲಿ ಒಪೆರಾ ಬ್ರೌಸರ್ ತನ್ನ ಹತ್ತನೆಯ ವರ್ಷನ್ ತಂದಾಗ, ಎಷ್ಟೋ ಜಾಲತಾಣಗಳು ನಂಬರಿನ ಮೊದಲ ಅಂಕಿಯನ್ನಷ್ಟೇ ಓದಿ ಅದನ್ನು ಒಪೆರಾ 1 ಎಂದುಕೊಂಡವು. ಒಪೆರಾ ಬೇರೆ ದಾರಿ ಕಾಣದೆ ತನ್ನ ಗುರುತಿನ ಸಾಲಿನಲ್ಲಿ 9.80 ಎಂದೇ ಹೇಳಿಕೊಂಡು, ನಿಜವಾದ ನಂಬರನ್ನು ಸಾಲಿನ ಕೊನೆಯಲ್ಲಿ ಬೇರೆಯಾಗಿ ಬರೆಯಿತು. ಆಪಲ್ 2014ರಲ್ಲಿ ಮ್ಯಾಕ್ ಓಎಸ್ ಎಕ್ಸ್ 10.10 ತಂದಾಗ, ಲಿಬ್‌ಟೂಲ್ ಎಂಬ ಬಹುಬಳಕೆಯ ಸಾಧನದಲ್ಲಿದ್ದ ಒಂದು ಹಳೆಯ ಸಾಲು ಎಡವಿತು. 10.0, 10.1, 10.2ಗಳನ್ನು ಗುರುತಿಸಲೆಂದು ಬರೆದಿದ್ದ ಅಕ್ಷರಮಾದರಿ 10.10 ಅನ್ನೂ 10.1ರ ಕುಲಕ್ಕೆ ಸೇರಿಸಿತು. ಹನ್ನೆರಡು-ಹದಿಮೂರು ವರ್ಷ ಹಿಂದಿನ ವ್ಯವಸ್ಥೆಗೆ ಬೇಕಾದ ಆಯ್ಕೆಗಳಲ್ಲಿ ಹೊಸ ಸಾಫ್ಟ್‌ವೇರ್ ತಯಾರಾಯಿತು. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂದಾಗ ಮತ್ತೆ ಅದೇ ಕಥೆ. ವರ್ಷನ್ ಸ್ಟ್ರಿಂಗ್‌ನ ಮೊದಲ ಮೂರು ಅಕ್ಷರ ಕತ್ತರಿಸಿಕೊಳ್ಳುತ್ತಿದ್ದ ಕೋಡಿಗೆ ಸಿಕ್ಕಿದ್ದು 3.1, ಅಂದರೆ 2009ರ ಪೈಥಾನ್. ಯಾಮಲ್ ಕಡತಗಳಲ್ಲಿ ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದವರಿಗೂ ಅದು ದಶಾಂಶವಾಗಿ ಕರಗಿ 3.1 ಆಯಿತು. ದಶಕಗಳ ಅನುಭವವಿರುವ ಸಮುದಾಯಗಳಲ್ಲೇ ಹೀಗಾದ ಮೇಲೆ ಇದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಒಂಬತ್ತರವರೆಗೆ ಕಾಣಿಸಿಕೊಳ್ಳದಿರುವುದು ಈ ತಪ್ಪಿನ ಸ್ವಭಾವ, ಅದಕ್ಕೇ ಅನುಭವಿಗಳೂ ಬೀಳುತ್ತಾರೆ.

ಇಂಥ ಕೋಡ್ ಜಗತ್ತಿನಲ್ಲಿ ಎಷ್ಟು ಹರಡಿದೆ ಎಂದರೆ ಆಪರೇಟಿಂಗ್ ಸಿಸ್ಟಮ್‌ಗಳು ಸುಳ್ಳು ಹೇಳುವುದನ್ನು ಕಲಿತಿವೆ. ಲಿನಕ್ಸ್ ಕರ್ನಲ್ 2011ರಲ್ಲಿ 2.6 ಸರಣಿಯಿಂದ 3.0ಕ್ಕೆ ಜಿಗಿದಾಗ ಹಳೆಯ ಪ್ರೋಗ್ರಾಮುಗಳಿಗಾಗಿ ಅದು ತನ್ನನ್ನು 2.6.40 ಎಂದು ಕರೆದುಕೊಳ್ಳುವ ಏರ್ಪಾಡು ಮಾಡಬೇಕಾಯಿತು. ವಿಂಡೋಸ್ 8.1ರ ಒಳಗಿನ ನಂಬರ್ 6.3, ಆದರೆ ತನಗೆ ಹೊಸ ವಿಂಡೋಸ್ ಗೊತ್ತು ಎಂದು ಮೊದಲೇ ಘೋಷಿಸಿಕೊಳ್ಳದ ಪ್ರೋಗ್ರಾಮು ಕೇಳಿದರೆ ಅದು 6.2 ಎನ್ನುತ್ತದೆ. ಮ್ಯಾಕ್ ಓಎಸ್ 11 ಕೂಡ 2020ರಲ್ಲಿ ಹಳೆಯ ಪ್ರೋಗ್ರಾಮುಗಳ ಮುಂದೆ 10.16ರ ವೇಷ ಹಾಕಿತು. ಕೋಟ್ಯಂತರ ಬಳಕೆದಾರರಿರುವ ಕಂಪನಿಗಳು ಬೇರೆಯವರ ಹೋಲಿಕೆಯ ತಪ್ಪುಗಳನ್ನು ಹೀಗೆ ತಮ್ಮ ಮೇಲೆ ಹೊತ್ತುಕೊಳ್ಳಬಲ್ಲವು. ನಮ್ಮ ಜಿಲ್ಲೆಯ ಹಾಲಿನ ಸಂಘಕ್ಕೋ ಪಿಯು ಕಾಲೇಜಿಗೋ ಒಂದು ಆ್ಯಪ್ ಮಾಡಿಕೊಡುವ ನಾಲ್ಕು ಜನರ ತಂಡಕ್ಕೆ ಆ ಅನುಕೂಲವಿಲ್ಲ. ಅದರ ತಪ್ಪಿಗೆ ಬೇರೆ ಯಾರೂ ವೇಷ ಹಾಕಿಕೊಡುವುದಿಲ್ಲ.

ನಂಬರನ್ನು ಭಾಗಭಾಗವಾಗಿ ಹೋಲಿಸುವ ಕ್ರಮದ ಅರ್ಥ ತಿಳಿಯಲು ಕಂಪ್ಯೂಟರ್ ಸೈನ್ಸ್ ಓದಬೇಕಾಗಿಲ್ಲ. ಸರ್ವೆ ನಂಬರ್ 45/10 ಎಂದರೆ 45/1 ಅಲ್ಲ, ಅದು 45/9ರ ನಂತರದ ಹಿಸ್ಸಾ ಎಂಬುದು ಪೋಡಿ ಮಾಡಿಸಿದ ಯಾವ ರೈತರಿಗಾದರೂ ಗೊತ್ತು. ಗೆರೆಯ ಆಚೆಯದು ಒಂದು ಎಣಿಕೆ, ಈಚೆಯದು ಇನ್ನೊಂದು ಎಣಿಕೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ತಂತ್ರಾಂಶ ಸರ್ವೆ ನಂಬರ್, ಸರ್ನೋಕ್, ಹಿಸ್ಸಾಗಳನ್ನು ಬೇರೆಬೇರೆ ಖಾನೆಗಳಲ್ಲಿ ಕೇಳುವುದನ್ನು ನೀವೂ ನೋಡಿರುತ್ತೀರಿ. ವರ್ಷನ್ ನಂಬರಿನ ಚುಕ್ಕೆಗೂ ಅದೇ ಕೆಲಸ: ಖಾನೆಗಳನ್ನು ಬೇರ್ಪಡಿಸುವುದು. ಗಿಟ್‌ಹಬ್‌ನ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮಾವಳಿ ಈ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಿತು. ಹಳೆಯದರ ಜೊತೆ ಹೊಂದದ ಬದಲಾವಣೆಗೆ ಮೊದಲ ಖಾನೆ, ಹೊಂದುವ ಹೊಸ ಸೌಲಭ್ಯಕ್ಕೆ ಎರಡನೆಯದು, ಬರೀ ತಿದ್ದುಪಡಿಗೆ ಮೂರನೆಯದು. ಹೋಲಿಸುವಾಗ ಪ್ರತಿ ಖಾನೆಯೂ ಪೂರ್ಣಾಂಕ.

ಇನ್ನು ನೀವು ಎತ್ತಬಹುದಾದ ಆಕ್ಷೇಪಗಳು. ಮೊದಲನೆಯದು: ‘ಮುಂದೆ ಸೊನ್ನೆ ಸೇರಿಸಿ 1.09, 1.10 ಎಂದು ಬರೆದರೆ ಸ್ಟ್ರಿಂಗ್ ಹೋಲಿಕೆಯೇ ಸಾಕಲ್ಲವೇ?’ ಉಬುಂಟು ನೋಡಿ. ಅದು ವರ್ಷ ಮತ್ತು ತಿಂಗಳನ್ನೇ ನಂಬರ್ ಮಾಡುತ್ತದೆ, ತಿಂಗಳಿಗೆ ಸೊನ್ನೆಯನ್ನೂ ಸೇರಿಸುತ್ತದೆ. ಆದರೂ 2009ರ ಅಕ್ಟೋಬರಿನ 9.10ರಿಂದ 2010ರ ಏಪ್ರಿಲ್‌ನ 10.04ಕ್ಕೆ ಬಂದಾಗ ಸ್ಟ್ರಿಂಗ್ ಹೋಲಿಕೆ ಮುರಿಯುತ್ತದೆ, ಏಕೆಂದರೆ ಸೊನ್ನೆ ಸೇರಿಸಿದ್ದು ಒಂದೇ ಖಾನೆಗೆ. ಎಲ್ಲ ಖಾನೆಗೂ ಎರಡೆರಡು ಜಾಗ ಇಟ್ಟರೆ ಹತ್ತರ ಗಂಡಾಂತರ ನೂರಕ್ಕೆ ಮುಂದೆ ಹೋಗುತ್ತದೆ, ಅಷ್ಟೇ. ದಶಾಂಶದ ಓದು ಎಲ್ಲಿಯೂ ಸರಿಯಲ್ಲ ಎಂದೂ ನಾನು ಹೇಳುತ್ತಿಲ್ಲ. ಡೊನಾಲ್ಡ್ ಕ್ನೂತ್ ಅವರ ಟೆಕ್ ತಂತ್ರಾಂಶದ ವರ್ಷನ್ ಪ್ರತಿ ತಿದ್ದುಪಡಿಗೂ ಒಂದು ಅಂಕಿ ಬೆಳೆದು ಪೈ ಬೆಲೆಯ ಕಡೆಗೆ ಸಾಗುತ್ತದೆ. 3.14159ರ ನಂತರ 3.141592. ಅಲ್ಲಿ ದಶಾಂಶವೇ ಸರಿ, ಏಕೆಂದರೆ ಮಾಡಿದವರು ಹಾಗೆಂದು ನಿಶ್ಚಯಿಸಿದ್ದಾರೆ. ಇದರಿಂದ ಹೊರಡುವ ಪಾಠ: ಕ್ರಮ ಯಾವುದೆಂದು ನಂಬರಿನ ರೂಪ ನೋಡಿ ಊಹಿಸಬಾರದು. ಬಿಡುಗಡೆ ಮಾಡುವವರು ಅದನ್ನು ಮೊದಲೇ ಹೇಳಿರಬೇಕು, ಹೋಲಿಸುವ ಕೋಡ್ ಆ ಮಾತಿಗೆ ಬದ್ಧವಾಗಿರಬೇಕು.

ಎರಡನೆಯ ಆಕ್ಷೇಪ ಜಾಣತನದ್ದು: ‘ದೊಡ್ಡದು-ಚಿಕ್ಕದು ಏಕೆ? ಸರ್ವರ್ ಹೇಳಿದ್ದಕ್ಕೂ ನನ್ನದಕ್ಕೂ ವ್ಯತ್ಯಾಸವಿದ್ದರೆ ಅಪ್‌ಡೇಟ್ ಇದೆ ಎಂದರಾಯಿತು.’ ಒಂದೇ ಫೋನು, ಒಂದೇ ಸರ್ವರ್ ಇರುವ ಲೋಕದಲ್ಲಿ ಇದು ನಡೆದೀತು. ಪ್ಲೇ ಸ್ಟೋರ್‌ನಲ್ಲಿ ಹೊಸ ವರ್ಷನ್ ಅನ್ನು ಮೊದಲು ನೂರಕ್ಕೆ ಐದು ಮಂದಿಗೆ, ಆಮೇಲೆ ಇಪ್ಪತ್ತಕ್ಕೆ, ಹೀಗೆ ಹಂತಹಂತವಾಗಿ ಬಿಡುವ ಪದ್ಧತಿಯಿದೆ. ಆ ಐದು ಮಂದಿಯ ಫೋನು ಸರ್ವರ್ ಹೇಳುವುದಕ್ಕಿಂತ ಮುಂದಿರುತ್ತದೆ. ಅವರಿಗೆ ಹಿಂದಕ್ಕೆ ಹೋಗಲು ಹೇಳಿದಂತಾಯಿತು. ಸರ್ವರ್‌ನ ನಂಬರನ್ನು ಮೊದಲೇ ಏರಿಸಿದರೆ ಉಳಿದ ತೊಂಬತ್ತೈದು ಮಂದಿಗೆ ಇಲ್ಲದ ಅಪ್‌ಡೇಟ್ ತೋರಿಸಿದಂತಾಯಿತು. ಇದರಲ್ಲಿ ಭದ್ರತೆಯ ಮಾತೂ ಇದೆ. ಬೇರೆಯದೆಲ್ಲ ಹೊಸದು ಎಂದು ನಂಬುವ ಕೋಡಿಗೆ, ದೋಷಗಳು ಬಯಲಾಗಿರುವ ಹಳೆಯ ವರ್ಷನ್ ಅನ್ನು ಹೊಸದೆಂದು ದಾಟಿಸುವುದು ಕಷ್ಟವಲ್ಲ. ಇನ್‌ಸ್ಟಾಲ್ ಆಗಿರುವುದಕ್ಕಿಂತ ಕಡಿಮೆ ನಂಬರಿನ ಆ್ಯಪ್ ಅನ್ನು ಅದರ ಮೇಲೆ ಹಾಕಲು ಆಂಡ್ರಾಯ್ಡ್ ಸಾಮಾನ್ಯವಾಗಿ ಬಿಡದಿರುವುದು ಇದಕ್ಕಾಗಿಯೇ.

ಮೂರನೆಯದು: ‘ಹಾಗಾದರೆ ಬರೀ ಒಂದು ಪೂರ್ಣಾಂಕ ಇಟ್ಟುಕೊಳ್ಳೋಣ, ಪ್ರತಿ ಬಿಡುಗಡೆಗೂ ಒಂದು ಹೆಚ್ಚಿಸೋಣ.’ ಇದು ಆಕ್ಷೇಪಕ್ಕಿಂತ ಪರಿಹಾರವೇ ಸರಿ. ಆಂಡ್ರಾಯ್ಡ್ ಮೊದಲಿನಿಂದ ಎರಡನ್ನು ಬೇರೆ ಇಟ್ಟಿದೆ: ಜನ ಓದುವುದಕ್ಕೆ ವರ್ಷನ್ ನೇಮ್, ಯಂತ್ರ ಹೋಲಿಸುವುದಕ್ಕೆ ವರ್ಷನ್ ಕೋಡ್. ಎರಡನೆಯದು ಬರೀ ಪೂರ್ಣಾಂಕ, ಪ್ಲೇ ಸ್ಟೋರ್ ಒಪ್ಪುವ ಗರಿಷ್ಠ ಮಿತಿ 210 ಕೋಟಿ. ಆ್ಯಪ್ ನಿಮ್ಮದೇ ಆಗಿದ್ದರೆ ಹೋಲಿಕೆಗೆ ಇದನ್ನೇ ಬಳಸಿ, 1.10 ಎಂಬುದನ್ನು ತೆರೆಯ ಮೇಲೆ ತೋರಿಸಲು ಮಾತ್ರ ಇಡಿ. ಆದರೆ ಖಾನೆಗಳನ್ನು ಒತ್ತಿ ಒಂದೇ ಪೂರ್ಣಾಂಕ ಮಾಡುವ ಆಸೆಗೆ ಬೀಳಬೇಡಿ. ಲಿನಕ್ಸ್ ಕರ್ನಲ್ ತನ್ನ ಮೂರನೆಯ ಖಾನೆಗೆ 8 ಬಿಟ್ ಕೊಟ್ಟಿತ್ತು, ಅಂದರೆ 255ರ ತನಕ ಜಾಗ. 2021ರ ಫೆಬ್ರುವರಿಯಲ್ಲಿ 4.4.256 ಮತ್ತು 4.9.256 ಬಂದವು. ಲೆಕ್ಕದಲ್ಲಿ 4.4.256 ಎಂಬುದು 4.5.0 ಆಗಿ ತುಳುಕುತ್ತಿತ್ತು. ಪ್ರೋಗ್ರಾಮುಗಳಿಗೆ ಕಾಣುವ ಬೆಲೆಯನ್ನು 255ಕ್ಕೇ ನಿಲ್ಲಿಸಿ ಕರ್ನಲ್ ನಿರ್ವಾಹಕರು ಪಾರಾದರು. ಒಂದೇ ಸರಣಿಗೆ 255 ತಿದ್ದುಪಡಿ ಬರಲಿಕ್ಕಿಲ್ಲ ಎಂದು ಯಾರೋ ಒಮ್ಮೆ ಅಂದುಕೊಂಡಿದ್ದರು.

ನಾಲ್ಕನೆಯದು: ‘ಲೈಬ್ರರಿ ಇದೆಯಲ್ಲ, ನಾವೇಕೆ ಯೋಚಿಸಬೇಕು?’ ಸ್ವಂತ ಬರೆಯುವುದಕ್ಕಿಂತ ಲೈಬ್ರರಿ ಬಳಸುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲೈಬ್ರರಿಗಳೂ ಒಂದೇ ಮಾತು ಆಡುವುದಿಲ್ಲ. 1.0 ಮತ್ತು 1.0.0 ಒಂದೇ ಎನ್ನುತ್ತದೆ ಪೈಥಾನ್ ಪ್ಯಾಕೇಜುಗಳ ನಿಯಮ. ಪಿಎಚ್‌ಪಿಯ ಹೋಲಿಕೆ 1.0 ಚಿಕ್ಕದು ಎನ್ನುತ್ತದೆ. ಸೆಮ್ಯಾಂಟಿಕ್ ವರ್ಷನಿಂಗ್ ಪ್ರಕಾರ ಎರಡೇ ಖಾನೆಯ 1.0 ವರ್ಷನ್ನೇ ಅಲ್ಲ. ಬೀಟಾ ಬಂದರೆ ಇನ್ನೂ ತೊಡಕು: 2.0 ಬೀಟಾ ಎಂಬುದು 2.0ಕ್ಕಿಂತ ಹಿಂದಿನದು, ಆದರೆ ಅಕ್ಷರ ಹೋಲಿಸುವ ಕೋಡಿಗೆ ಉದ್ದನೆಯದೇ ದೊಡ್ಡದು. ಡೆಬಿಯನ್‌ನವರು ಇದಕ್ಕೆಂದೇ ಅಲೆಗೆರೆಯ ಚಿಹ್ನೆಯನ್ನು ಮೀಸಲಿಟ್ಟು, ಅದು ಬಂದರೆ ಏನೂ ಇಲ್ಲದಿರುವುದಕ್ಕಿಂತಲೂ ಹಿಂದೆ ಎಂದು ನಿಯಮ ಮಾಡಿದ್ದಾರೆ. ಆದ್ದರಿಂದ ಸರ್ವರ್ ಒಂದು ಭಾಷೆಯಲ್ಲಿ, ಆ್ಯಪ್ ಇನ್ನೊಂದರಲ್ಲಿ ಇದ್ದಾಗ, ಎರಡೂ ಕಡೆ ಒಂದೇ ಜೋಡಿಗಳನ್ನು ಕೊಟ್ಟು ಒಂದೇ ಉತ್ತರ ಬರುತ್ತದೆಯೇ ಎಂದು ನೋಡುವುದು ನಿಮ್ಮ ಕೆಲಸವೇ.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇನ್ನೊಂದು ಎಚ್ಚರ ಬೇಕು. ತೆರೆಯ ಮೇಲೆ ‘ಆವೃತ್ತಿ ೧.೧೦’ ಎಂದು ತೋರಿಸುವುದು ಚೆಂದ. ಆದರೆ ತೋರಿಸಿದ್ದನ್ನೇ ಎತ್ತಿ ಹೋಲಿಕೆಗೆ ಕೊಟ್ಟರೆ ಕೆಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಅಂಕಿಗಳು ಮಾಮೂಲಿ ಅಂಕಿಗಳಿಗಿಂತ ಬಹಳ ಮುಂದಿವೆ, ಸ್ಟ್ರಿಂಗ್ ಲೆಕ್ಕದಲ್ಲಿ ೧ ಎಂಬುದು 9ಕ್ಕಿಂತ ದೊಡ್ಡದು. ಪೈಥಾನ್ ‘೧೦’ ಅನ್ನು ಹತ್ತು ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್ ಓದುವುದಿಲ್ಲ, ಅದು ಸಂಖ್ಯೆಯೇ ಅಲ್ಲ ಎಂಬ ವಿಶೇಷ ಬೆಲೆಯನ್ನು ಕೊಡುತ್ತದೆ. ಆ ಬೆಲೆಯನ್ನು ಯಾವುದರ ಜೊತೆ ಹೋಲಿಸಿದರೂ, ದೊಡ್ಡದೇ ಎಂದು ಕೇಳಿ, ಚಿಕ್ಕದೇ ಎಂದು ಕೇಳಿ, ಸಮವೇ ಎಂದು ಕೇಳಿ, ಉತ್ತರ ‘ಇಲ್ಲ’. ದೋಷದ ಸಂದೇಶ ಬರುವುದಿಲ್ಲ, ಅಪ್‌ಡೇಟ್ ಕೂಡ ಎಂದಿಗೂ ಬರುವುದಿಲ್ಲ. ಸರ್ವರ್‌ನ ಉತ್ತರ ಖಾಲಿಯಾಗಿದ್ದರೆ, ಅಥವಾ ವರ್ಷನ್ ಬದಲು ಬಸ್ ನಿಲ್ದಾಣದ ವೈಫೈನ ಲಾಗಿನ್ ಪುಟ ಬಂದರೆ ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ. ಓದಲಾಗದ್ದನ್ನು ಸೊನ್ನೆ ಎಂದು ಭಾವಿಸುವ ಚಾಳಿ ಬೇಡ. ಗೊತ್ತಿಲ್ಲ ಎಂಬುದು ಬೇರೆಯದೇ ಉತ್ತರ. ಗೊತ್ತಿಲ್ಲದಾಗ ಬಳಕೆದಾರರ ಕೆಲಸ ಮುಂದುವರಿಯಲು ಬಿಡಿ.

ಕೊನೆಯ ಆಕ್ಷೇಪ: ‘ಪ್ಲೇ ಸ್ಟೋರ್ ತಾನೇ ಅಪ್‌ಡೇಟ್ ಮಾಡುತ್ತದೆ, ನಮಗೇಕೆ ಈ ತಲೆನೋವು?’ ನಗರದ ಮನೆಗಳಿಗೆ ಇದು ಬಹುಮಟ್ಟಿಗೆ ನಿಜ. ಡೇಟಾ ಉಳಿಸಲೆಂದು ವೈಫೈ ಸಿಕ್ಕಾಗ ಮಾತ್ರ ಅಪ್‌ಡೇಟ್ ಆಗುವಂತೆ ಇಟ್ಟ ಫೋನು, ವೈಫೈಯೇ ಇಲ್ಲದ ಮನೆಯಲ್ಲಿದ್ದರೆ ಯಾವಾಗ ಅಪ್‌ಡೇಟ್ ಆಗಬೇಕು? ಹಾಗಾಗಿ ಹಳೆಯ ವರ್ಷನ್‌ಗಳು ಹಳ್ಳಿಗಳಲ್ಲಿ ಬಹುಕಾಲ ಬದುಕಿರುತ್ತವೆ, ನಿಮ್ಮ ಸರ್ವರ್ ಅವುಗಳೊಡನೆ ಮಾತಾಡಲೇಬೇಕು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ‘ಹೊಸದು ಬಂದಿದೆಯೇ?’ ಎಂಬುದಕ್ಕೆ ಒಂದು ಸೂಚನೆ ಸಾಕು, ಆಮೇಲೆ ಎನ್ನುವ ಅವಕಾಶ ಇರಲಿ. ‘ಇದು ಇನ್ನು ನಡೆಯುವುದೇ ಇಲ್ಲವೇ?’ ಎಂಬುದಕ್ಕೆ ಮಾತ್ರ ತಡೆ, ಅದೂ ಅಪರೂಪಕ್ಕೆ. ಒಂದೇ ನಂಬರಿನಿಂದ ಎರಡಕ್ಕೂ ಉತ್ತರ ಕೊಡಲು ಹೋದರೆ ಪ್ರತಿ ಸಣ್ಣ ತಿದ್ದುಪಡಿಗೂ ಊರೆಲ್ಲ ಬಾಗಿಲು ಮುಚ್ಚುತ್ತದೆ. ಒಂದು ಸೌಲಭ್ಯ ಇದೆಯೋ ಇಲ್ಲವೋ ಎಂದು ನೇರವಾಗಿ ಕೇಳಬಹುದಾದ ಕಡೆ ವರ್ಷನ್ ನೋಡದೆ ಅದನ್ನೇ ಕೇಳಿ ಎಂದು ಬ್ರೌಸರ್ ಜಗತ್ತಿನವರು ಹೇಳುವ ಮಾತೂ ಸರಿ. ಹೋಲಿಕೆ ಕಡಿಮೆಯಾದಷ್ಟೂ ತಪ್ಪು ಕಡಿಮೆ.

ಮುಂದೆ ಬರುವ ನಂಬರನ್ನು ಇಂದೇ ಪರೀಕ್ಷಿಸಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆಯೂ ಇದೆ. ಕ್ರೋಮ್ 2022ರ ಮಾರ್ಚ್‌ನಲ್ಲಿ, ಫೈರ್‌ಫಾಕ್ಸ್ ಅದೇ ವರ್ಷ ಮೇ ತಿಂಗಳಲ್ಲಿ ನೂರನೆಯ ವರ್ಷನ್ ಮುಟ್ಟಿದವು. ಅದಕ್ಕೆ ತಿಂಗಳುಗಳ ಮೊದಲೇ ಎರಡೂ ತಂಡಗಳು 100 ಎಂದು ಹೇಳಿಕೊಂಡು ಜಾಲತಾಣಗಳಿಗೆ ಹೋಗಿ, ಎಲ್ಲಿ ಎಡವುತ್ತದೆಂದು ನೋಡಿ, ತಿದ್ದಿಸಿದವು. ಒಪೆರಾ 10ರ ಅನುಭವ ಅವರಿಗೆ ನೆನಪಿತ್ತು. ನೀವು ಮಾಡಬೇಕಾದದ್ದು ಅಷ್ಟು ದೊಡ್ಡದಲ್ಲ, ಒಂದು ಟೆಸ್ಟ್ ಕಡತ ಸಾಕು. 1.9ರ ಎದುರು 1.10 ಇಡಿ, 1.10ರ ಎದುರು 1.10.0 ಇಡಿ, 2.0ರ ಎದುರು ಅದರ ಬೀಟಾ, 99ರ ಎದುರು 100, 255ರ ಎದುರು 256. ಖಾಲಿ ಸ್ಟ್ರಿಂಗ್ ಒಂದು, ಲಾಗಿನ್ ಪುಟ ಒಂದು, ಕನ್ನಡ ಅಂಕಿಯದು ಒಂದು. ಎಲ್ಲಕ್ಕೂ ಬರಬೇಕಾದ ಉತ್ತರವನ್ನು ಕೋಡ್ ಬರೆಯುವ ಮೊದಲು ಬರೆದಿಡಿ. 1960ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವ ಹಾಸನದಲ್ಲಿ ಇದನ್ನು ಮೊದಲ ವರ್ಷದ ಲ್ಯಾಬ್‌ನಲ್ಲೇ ಒಂದು ಅಭ್ಯಾಸವಾಗಿ ಕೊಟ್ಟರೆ ಒಂದು ಗಂಟೆಯ ಕೆಲಸ. ಕೆಲಸದಲ್ಲಿರುವ ಹಿರಿಯರಿಗೆ ನನ್ನ ಕೋರಿಕೆ ಇನ್ನೂ ಚಿಕ್ಕದು. ಎರಡು ವರ್ಷನ್ ಸ್ಟ್ರಿಂಗ್‌ಗಳ ನಡುವೆ ನೇರವಾಗಿ ದೊಡ್ಡದು-ಚಿಕ್ಕದರ ಗುರುತು ಹಾಕಿದ ಕೋಡ್ ನಿಮ್ಮ ಒಪ್ಪಿಗೆಗೆ ಬಂದರೆ ಒಪ್ಪಬೇಡಿ, 1.10ರ ಟೆಸ್ಟ್ ಎಲ್ಲಿದೆ ಎಂದು ಕೇಳಿ ವಾಪಸ್ ಕಳಿಸಿ.


ದಂಡಿಗನಹಳ್ಳಿ ಹೋಬಳಿಯಿಂದ ನಿಮ್ಮವನೊಬ್ಬ